ಫೈನಲ್ ಆದ ಮೇಲೆ ಯಾರ ಕೈಯಲ್ಲಿ ಏನು? ಮಂಡ್ಯದ ಮ್ಯಾನೇಜರ್ ಮುಂದೆ ಸೈಮನ್ ಫುಲ್ಲರ್ ಹಾದಿ: ಒಂದು ಪ್ರಕರಣ ಅಧ್ಯಯನ

ಸನ್ನಿವೇಶ

ಮಂಡ್ಯದಲ್ಲಿ ಆರ್ಕೆಸ್ಟ್ರಾ ನಡೆಸುವ ಮ್ಯಾನೇಜರ್ ಒಬ್ಬರು. ತಂಡದಲ್ಲಿ ಐದಾರು ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್, ಢೋಲಕ್, ಸ್ವಂತದ ಸೌಂಡ್ ಸೆಟ್. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಉಸಿರಾಡಲು ಬಿಡುವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳು, ಆಮೇಲೆ ಮದುವೆ ಆರತಕ್ಷತೆಗಳು. ಆಷಾಢ ಬಂತೆಂದರೆ ಪೆಟ್ಟಿಗೆಗಳು ಗೋಡೌನ್ ಸೇರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣದಲ್ಲೂ ಮೈಸೂರಿನಲ್ಲೂ ನೋಡುಗರಿರುವ ಸ್ಥಳೀಯ ಕೇಬಲ್ ವಾಹಿನಿಯೊಂದು ಇವರನ್ನು ಕರೆದು, ಭಾನುವಾರ ಸಂಜೆಗೆ 13 ಕಂತಿನ ಗಾಯನ ಸ್ಪರ್ಧೆ ಮಾಡಿಕೊಡಿ ಎನ್ನುತ್ತದೆ.

ಮೇಜಿನ ಮೇಲೆ ಎರಡು ಕರಾರುಗಳಿವೆ. ಒಂದನೆಯದರಲ್ಲಿ ಸ್ಲಾಟ್, ಅಂದರೆ ಪ್ರಸಾರದ ಸಮಯ, ಉಚಿತ; ಪ್ರಾಯೋಜಕರ ಹಣದಲ್ಲಿ ಅರ್ಧ ಮ್ಯಾನೇಜರಿಗೆ, ಅರ್ಧ ವಾಹಿನಿಗೆ. ಬದಲಿಗೆ ಕಾರ್ಯಕ್ರಮದ ಹೆಸರು, ಮಾದರಿ (ಫಾರ್ಮ್ಯಾಟ್, ಅಂದರೆ ಅದು ನಡೆಯುವ ರೀತಿಯ ರೂಪರೇಷೆ), ಚಿತ್ರೀಕರಿಸಿದ ಪ್ರತಿ ನಿಮಿಷವೂ ವಾಹಿನಿಯ ಸೊತ್ತು. ಎರಡನೆಯದರಲ್ಲಿ ಸ್ಲಾಟಿಗೆ ಬಾಡಿಗೆ ಕಟ್ಟಬೇಕು, ಜಾಹೀರಾತಿನ ಹಣವೆಲ್ಲ ಮ್ಯಾನೇಜರದು. ಫುಟೇಜ್ ಯಾರದು, ಮಾದರಿ ಯಾರದು ಎಂಬ ಮಾತೇ ಇದರಲ್ಲಿಲ್ಲ. ಗೆದ್ದ ಗಾಯಕರು ಮುಂದೆ ಯಾರ ಜೊತೆ ಕೆಲಸ ಮಾಡುತ್ತಾರೆ ಎಂಬುದು ಎರಡರಲ್ಲೂ ಇಲ್ಲ.

ಇದು ಯಾರೋ ಒಬ್ಬರ ಕಥೆಯಲ್ಲ. ಇಂಥ ಪ್ರಸ್ತಾಪ ಬಂದಾಗ ನಿರ್ಧಾರ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬಿಡಿಸಿ ನೋಡಲು ಕಟ್ಟಿದ ಮಾದರಿ ಸನ್ನಿವೇಶ. ಮುಂದೆ ಬರುವ ರೂಪಾಯಿ ಲೆಕ್ಕಗಳೂ ಮತಗಳ ಲೆಕ್ಕವೂ ಉದಾಹರಣೆಗಾಗಿ ಇಟ್ಟವು. ಅಮೆರಿಕನ್ ಐಡಲ್ ಕಟ್ಟಿದ ಬ್ರಿಟಿಷ್ ಮ್ಯಾನೇಜರ್ ಸೈಮನ್ ಫುಲ್ಲರ್ ಅವರ ವೃತ್ತಿಯ ವಿವರ, ಕಾನೂನು, ತೀರ್ಪುಗಳು ದಾಖಲೆಯಲ್ಲಿರುವಂಥವು.

ಫುಲ್ಲರ್ ಯಾಕೆ ಟಿವಿಗೆ ಬಂದರು

ಸೈಮನ್ ಫುಲ್ಲರ್ ಹೆಸರು ಬಂದರೆ ಎಲ್ಲರಿಗೂ ನೆನಪಾಗುವುದು ಅಮೆರಿಕನ್ ಐಡಲ್ ಎಂಬ ಟಿವಿ ಗಾಯನ ಸ್ಪರ್ಧೆ. ಆದರೆ ಅವರು ಮೂಲತಃ ಟಿವಿಯವರಲ್ಲ, ಸಂಗೀತದ ಮ್ಯಾನೇಜರ್. ಕ್ರಿಸಾಲಿಸ್ ಎಂಬ ಬ್ರಿಟಿಷ್ ಸಂಗೀತ ಕಂಪನಿಯಲ್ಲಿ ಕೆಲಸ ಕಲಿತವರು. 1985ರಲ್ಲಿ ಪಾಲ್ ಹಾರ್ಡ್‌ಕ್ಯಾಸಲ್ ಅವರ ‘19’ ಎಂಬ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹಾಡಿನ ಹೆಸರಿನಲ್ಲೇ ಫುಲ್ಲರ್ 19 ಮ್ಯಾನೇಜ್‌ಮೆಂಟ್ ಕಂಪನಿ ತೆರೆದರು. ಗಾಯಕಿ ಆನಿ ಲೆನಾಕ್ಸ್ ಅವರ ವ್ಯವಹಾರ ನೋಡಿಕೊಂಡರು. 1995ರಲ್ಲಿ ಐವರು ಹುಡುಗಿಯರ ಪಾಪ್ ತಂಡ ಸ್ಪೈಸ್ ಗರ್ಲ್ಸ್ ಅವರ ಕೈಗೆ ಬಂತು, ಜಗತ್ತೆಲ್ಲ ಕುಣಿಯಿತು. 1997ರ ನವೆಂಬರ್‌ನಲ್ಲಿ ಆ ಐವರು ಕೂತು ಮಾತಾಡಿ ಫುಲ್ಲರ್‌ರನ್ನೇ ತೆಗೆದುಹಾಕಿದರು.

ಅವರ ವೃತ್ತಿಯನ್ನು ಓದಿಕೊಳ್ಳಲು ಈ ಇಸವಿಯೇ ಬಾಗಿಲು ಎಂಬುದು ನಮ್ಮ ಎಣಿಕೆ. ಗಾಯಕರನ್ನು ಎಷ್ಟೇ ಎತ್ತರಕ್ಕೆ ಏರಿಸಿದರೂ, ಒಂದು ಪತ್ರದಿಂದ ಮ್ಯಾನೇಜರ್ ಬೀದಿಗೆ ಬೀಳಬಹುದು. ಆಮೇಲೆ ಫುಲ್ಲರ್ ಮಾಡಿದ ಪ್ರತಿ ಕೆಲಸವೂ ತನ್ನ ಹಿಡಿತವನ್ನು ವ್ಯಕ್ತಿಯಿಂದ ವ್ಯವಸ್ಥೆಗೆ ದಾಟಿಸುವ ಕೆಲಸ. 1998ರಲ್ಲಿ ಆಡಿಷನ್ ಮಾಡಿ ಎಸ್ ಕ್ಲಬ್ 7 ಎಂಬ ಪಾಪ್ ತಂಡವನ್ನು ತಾವೇ ಕಟ್ಟಿದರು. 1999ರಲ್ಲಿ ಅದಕ್ಕೊಂದು ಮಕ್ಕಳ ಧಾರಾವಾಹಿಯನ್ನೂ ಬಿಬಿಸಿಗೆ ಮಾಡಿಸಿದರು. ತಂಡವೂ ಅವರದು, ತಂಡದ ಟಿವಿಯೂ ಅವರದು.

ಮುಂದಿನ ಹೆಜ್ಜೆ ಪಾಪ್ ಐಡಲ್ ಎಂಬ ಟಿವಿ ಗಾಯನ ಸ್ಪರ್ಧೆ. ಅದಕ್ಕೂ ಮೊದಲು ನ್ಯೂಜಿಲೆಂಡ್‌ನಲ್ಲಿ 1999ರಲ್ಲಿ ಪಾಪ್‌ಸ್ಟಾರ್ಸ್ ಎಂಬ ಕಾರ್ಯಕ್ರಮ ಬಂದಿತ್ತು. 2001ರ ಹೊತ್ತಿಗೆ ಬ್ರಿಟನ್ನಿಗೂ ಬಂತು. ಅದರಲ್ಲಿ ಆಯ್ಕೆ ತೀರ್ಪುಗಾರರದು, ಜನ ಬರೀ ನೋಡುಗರು. 2001ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಶುರುವಾದ ಪಾಪ್ ಐಡಲ್ ಆ ಆಯ್ಕೆಯನ್ನು ಜನರ ಫೋನಿಗೆ ಕೊಟ್ಟಿತು. ತೀರ್ಪುಗಾರರು 50 ಜನರವರೆಗೆ ಸೋಸಿ ಕೊಡುತ್ತಿದ್ದರು. ಅಲ್ಲಿಂದ ಮುಂದೆ ಅವರದು ಮಾತು ಮಾತ್ರ, ಮತ ಜನರದು. 2002ರ ಫೆಬ್ರವರಿ 9ರ ಫೈನಲ್‌ಗೆ ಸುಮಾರು 87 ಲಕ್ಷ ಮತ ಬಿದ್ದವು. ವಿಲ್ ಯಂಗ್ ಗೆದ್ದರು, ಗ್ಯಾರೆತ್ ಗೇಟ್ಸ್ ಎರಡನೆಯವರು.

ಗೆಲ್ಲುವವರು ಹಾಡಬೇಕಾದ ಹಾಡು ಫೈನಲ್‌ಗೆ ಮೊದಲೇ ಸಿದ್ಧವಿತ್ತು. ಫೈನಲ್‌ನಲ್ಲಿ ಇಬ್ಬರ ಬಾಯಲ್ಲೂ ಅದನ್ನೇ ಹಾಡಿಸಿದರು. ಫೆಬ್ರವರಿ 25ಕ್ಕೆ ಧ್ವನಿಮುದ್ರಿಕೆ ಅಂಗಡಿಗೆ ಬಂತು, ಮೊದಲ ವಾರದಲ್ಲೇ 11 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಮತ ಹಾಕಿದ ಬಿಸಿ ಆರುವ ಮೊದಲು ಅದೇ ಜನರ ಕೈಗೆ ಕೊಳ್ಳುವ ವಸ್ತುವನ್ನು ಇಟ್ಟರು. ಹಕ್ಕಿನ ಹಂಚಿಕೆಯೂ ಮೊದಲೇ ಆಗಿತ್ತು: ಕಾರ್ಯಕ್ರಮದ ಮಾದರಿ ಮತ್ತು ಗೆದ್ದವರ ಮ್ಯಾನೇಜ್‌ಮೆಂಟ್ ಫುಲ್ಲರ್ ಕಡೆಗೆ, ಧ್ವನಿಮುದ್ರಣ ಪಾಪ್ ಐಡಲ್‌ನ ತೀರ್ಪುಗಾರರೂ ಆಗಿದ್ದ ಸೈಮನ್ ಕೋವೆಲ್ ಅವರ ಕಂಪನಿಯ ಕಡೆಗೆ. 2002ರ ಜೂನ್ 11ಕ್ಕೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಅಮೆರಿಕನ್ ಐಡಲ್ ಶುರುವಾಯಿತು, ಸೆಪ್ಟೆಂಬರ್ 4ಕ್ಕೆ ಕೆಲ್ಲಿ ಕ್ಲಾರ್ಕ್‌ಸನ್ ಗೆದ್ದರು. 2004ರಲ್ಲಿ ಅದೇ ಮಾದರಿ ಇಂಡಿಯನ್ ಐಡಲ್ ಆಗಿ ಸೋನಿ ವಾಹಿನಿಗೆ ಬಂತು. 2005ರಲ್ಲಿ ಫುಲ್ಲರ್ ತಮ್ಮ ಕಂಪನಿಯನ್ನು ಸಿಕೆಎಕ್ಸ್ ಎಂಬ ಅಮೆರಿಕನ್ ಸಂಸ್ಥೆಗೆ ಸುಮಾರು 20 ಕೋಟಿ ಡಾಲರ್‌ಗೆ ಮಾರಿದರು.

ಹಾಡಿನ ಸ್ಪರ್ಧೆ ನಮಗೆ ಅವರು ಕಲಿಸಿದ್ದಲ್ಲ. ಜೀ ಟಿವಿಯ ಸರಿಗಮ ಶುರುವಾದದ್ದೇ 1995ರಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 1996ರಲ್ಲಿ ತೆಲುಗಿನಲ್ಲಿ ಹಿಡಿದ ದಾರಿ ಮುಂದೆ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ಆಯಿತು. ಮಗುವಿನ ತಪ್ಪನ್ನು ನೋಯಿಸದೆ ತಿದ್ದುವ ಆ ಮೇಷ್ಟ್ರ ಗುಣಕ್ಕೆ ಲಂಡನ್ನಿನ ಯಾವ ತೀರ್ಪುಗಾರರೂ ಸಾಟಿಯಾಗಲಾರರು. ವೇದಿಕೆಯ ಮೇಲಿನ ನಡವಳಿಕೆಗೆ ಮಂಡ್ಯದವರು ಎಸ್‌ಪಿಬಿ ಅವರನ್ನೇ ನೋಡಬೇಕು. ಫುಲ್ಲರ್‌ರಿಂದ ಕಲಿಯಬೇಕಾದ್ದು ವೇದಿಕೆಯ ಹಿಂದಿನ ಕಾಗದವನ್ನು.

ಮಾದರಿ ಯಾರದು

‘ಐಡಿಯಾ ನಂದು’ ಎಂದಷ್ಟೇ ಹೇಳಿಕೊಂಡು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. ಬ್ರಿಟನ್ನಿನ ‘ಆಪರ್ಚುನಿಟಿ ನಾಕ್ಸ್’ ಪ್ರತಿಭಾ ಕಾರ್ಯಕ್ರಮದ ಹ್ಯೂಯಿ ಗ್ರೀನ್ ಅವರು, ಅದನ್ನೇ ನ್ಯೂಜಿಲೆಂಡ್‌ನ ಪ್ರಸಾರ ಸಂಸ್ಥೆ ಕದ್ದಿತೆಂದು ದಾವೆ ಹೂಡಿದ್ದರು. 1989ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಹೆಸರು, ಕೆಲವು ಸಂಭಾಷಣೆ, ಚಪ್ಪಾಳೆ ಅಳೆಯುವ ಯಂತ್ರ ಇಷ್ಟನ್ನು ಜೋಡಿಸಿದರೆ ಕೃತಿಸ್ವಾಮ್ಯ ಸಿಗುವಷ್ಟು ಖಚಿತ ರೂಪ ಬರುವುದಿಲ್ಲ ಎಂಬುದು ಅದರ ಸಾರ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ, ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದು ರೂಪಿಸಿದ ಬಗೆಗೆ ಮಾತ್ರ ಇದೆ ಎಂದಿದೆ. ಫುಲ್ಲರ್‌ಗೂ ಈ ಬಿಸಿ ತಟ್ಟಿತು. 2004ರಲ್ಲಿ ಕೋವೆಲ್ ಎಕ್ಸ್ ಫ್ಯಾಕ್ಟರ್ ಎಂಬ ಇನ್ನೊಂದು ಗಾಯನ ಸ್ಪರ್ಧೆ ತಂದಾಗ ಫುಲ್ಲರ್ ಕಂಪನಿ ದಾವೆ ಹಾಕಿತು. 2005ರ ನವೆಂಬರ್‌ನಲ್ಲಿ ರಾಜಿಯಾಯಿತು. ಎಕ್ಸ್ ಫ್ಯಾಕ್ಟರ್‌ನಲ್ಲಿ ಫುಲ್ಲರ್‌ಗೆ ಪಾಲು, ಅಮೆರಿಕನ್ ಐಡಲ್‌ನಲ್ಲಿ ಕೋವೆಲ್ ಮುಂದುವರಿಕೆ. ತೀರ್ಪಿಗಾಗಿ ಕಾಯುವ ಧೈರ್ಯ ಇಬ್ಬರಿಗೂ ಇರಲಿಲ್ಲವೆಂದೇ ಇದನ್ನು ಓದಬೇಕು.

ಹಾಗಾಗಿ ವಾಹಿನಿಯ ಕಚೇರಿಗೆ ಎರಡನೇ ಸಲ ಹೋಗುವ ಮೊದಲು ಮ್ಯಾನೇಜರ್ ಕೈಯಲ್ಲಿ 20-25 ಪುಟದ ಪುಸ್ತಿಕೆ ಇರಬೇಕು. ಒಳಗೆ ಏನಿರಬೇಕೆಂದರೆ: ಕಂತುವಾರು ನಕ್ಷೆ, ಸುತ್ತುಗಳ ನಿಯಮ, ಅಂಕಪಟ್ಟಿ, ಮತ ಎಣಿಸುವ ಸೂತ್ರ, ನಿರೂಪಕರ ಆರಂಭ ಮತ್ತು ಮುಕ್ತಾಯದ ಮಾತು, ವೇದಿಕೆಯ ನಕ್ಷೆ, ಶೀರ್ಷಿಕೆ ಸಂಗೀತ, ಲಾಂಛನ. ಪುಟಪುಟಕ್ಕೂ ಸಹಿ ಮತ್ತು ತಾರೀಖು. ಹೆಸರು ಮತ್ತು ಲಾಂಛನಕ್ಕೆ ಟ್ರೇಡ್‌ಮಾರ್ಕ್ ಅರ್ಜಿಯನ್ನು ಪ್ರಚಾರ ಶುರುವಾಗುವ ಮುನ್ನ ಹಾಕಬೇಕು. ಪುಸ್ತಿಕೆ ತೋರಿಸುವ ಮೊದಲು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿ. ಸ್ಥಳೀಯ ವಾಹಿನಿಯವರು ಸಹಿ ಹಾಕದಿದ್ದರೆ, ಪುಸ್ತಿಕೆ ಕಳಿಸಿದ ಇಮೇಲ್ ಆದರೂ ದಾಖಲೆಯಾಗಿ ಉಳಿಯುತ್ತದೆ.

ಆಷಾಢ ಮತ್ತು ಆಡಿಷನ್

ಕೆಲಸವಿಲ್ಲದ ಆಷಾಢವೇ ಇಲ್ಲಿ ದೊಡ್ಡ ಅನುಕೂಲ. ಮದುವೆಗಳಿಲ್ಲದ್ದರಿಂದ ಹಾಲ್ ಸಿಗುತ್ತದೆ, ವಾದ್ಯದವರು ಸಿಗುತ್ತಾರೆ, ಕ್ಯಾಮೆರಾದವರು ದರ ಇಳಿಸುತ್ತಾರೆ. ಆದರೆ 13 ವಾರದ ಕಾರ್ಯಕ್ರಮವನ್ನು ಆಷಾಢದಲ್ಲಿ ಪ್ರಸಾರ ಮಾಡಲು ಶುರುವಿಟ್ಟರೆ ಫೈನಲ್ ದಸರಾ ಗದ್ದಲಕ್ಕೆ ಸಿಕ್ಕಿಬೀಳುತ್ತದೆ. ಆ ಹೊತ್ತಿಗೆ ಗಣೇಶನ ಸೀಸನ್ ಕೈಬಿಟ್ಟಿರುತ್ತದೆ. ಎರಡು ದಾರಿಗಳಿವೆ. ಒಂದು, ಏಪ್ರಿಲ್‌ನಲ್ಲಿ ಆಡಿಷನ್, ಮೇ ಮೊದಲ ವಾರ ಪ್ರಸಾರ, ಜುಲೈ ಕೊನೆಗೆ ಫೈನಲ್. ಇದರಲ್ಲಿ ಫೈನಲ್ ಮುಗಿದ ಮೇಲೆ ಗಣೇಶೋತ್ಸವ ಸಮಿತಿಗಳು ತಂಡ ಹುಡುಕಲು ಬರುತ್ತವೆ, ಚಿತ್ರೀಕರಣದ ಅರ್ಧ ಭಾಗ ಆಷಾಢದ ಅಗ್ಗದ ದಿನಗಳಿಗೆ ಬೀಳುತ್ತದೆ. ಇನ್ನೊಂದು, ಆಷಾಢದಲ್ಲಿ ಆಡಿಷನ್ ಮಾಡಿ ಪ್ರಸಾರವನ್ನು ಡಿಸೆಂಬರ್‌ಗೆ ತಳ್ಳಿ, ಫೈನಲ್‌ಅನ್ನು ಜಾತ್ರೆ ಸೀಸನ್‌ಗೆ ಜೋಡಿಸುವುದು. ಐದು ತಿಂಗಳ ಅಂತರದಲ್ಲಿ ಆಯ್ಕೆಯಾದವರು ಬೇರೆ ವೇದಿಕೆ ಸೇರಿಬಿಡುತ್ತಾರೆ. ಮೊದಲನೆಯದನ್ನೇ ಹಿಡಿಯಿರಿ. ಮೈಸೂರಿನಲ್ಲಿ ಚಿತ್ರೀಕರಣವಿದ್ದರೆ ಆಷಾಢ ಶುಕ್ರವಾರಗಳನ್ನು ಬಿಡಿ. ಚಾಮುಂಡಿ ಬೆಟ್ಟದ ಜನಸಂದಣಿಯಲ್ಲಿ ವಾಹನ, ವಸತಿ, ಬಂದೋಬಸ್ತು ಎಲ್ಲವೂ ಅತ್ತಲೇ ಹೋಗಿರುತ್ತದೆ.

600 ಅರ್ಜಿ ಬಂದವೆಂದು ಇಟ್ಟುಕೊಳ್ಳೋಣ. ಒಬ್ಬರಿಗೆ 90 ಸೆಕೆಂಡ್ ಹಾಡು, ಬದಲಾವಣೆಗೆ 30 ಸೆಕೆಂಡ್. ಗಂಟೆಗೆ 30 ಜನ. ಒಟ್ಟು 20 ಗಂಟೆಯ ಕೆಲಸ. ಎರಡು ಕೊಠಡಿ, ದಿನಕ್ಕೆ ತಲಾ ಐದು ಗಂಟೆ ಎಂದರೆ ಎರಡು ದಿನಕ್ಕೆ ಸರಿಹೋಗುತ್ತದೆ. ಐದು ಗಂಟೆಗಿಂತ ಹೆಚ್ಚು ಒಂದೇ ಕಿವಿಗೆ ಹಾಡು ತುಂಬಿದರೆ ಸಂಜೆಯ ಅಂಕಗಳು ಬೆಳಗಿನ ಅಂಕಗಳ ಜೊತೆ ಹೋಲುವುದಿಲ್ಲ. ಮಧ್ಯಾಹ್ನದ ನಂತರ ಬಂದವರಿಗೆ ಅನ್ಯಾಯವಾಗುವುದು ಇಲ್ಲೇ. ಬೆಳಿಗ್ಗೆ ಕೇಳಿದ ಮೂವರ ಧ್ವನಿಮುದ್ರಣವನ್ನು ಊಟದ ನಂತರ ಮತ್ತೆ ಹಾಕಿ ಕೇಳಿ, ಅಂಕದ ಅಳತೆ ಸರಿಹೊಂದಿಸಿಕೊಂಡು ಮುಂದುವರಿಯಬೇಕು.

ಮೊದಲ ಸುತ್ತಿನಲ್ಲಿ ಕರೋಕೆ ಬೇಡ, ಬರೀ ತಂಬೂರಿ ಶ್ರುತಿ ಸಾಕು. ಕರೋಕೆಯ ಸ್ಕೇಲ್ ಮೂಲ ಗಾಯಕರದ್ದಾಗಿರುತ್ತದೆ, ಹುಡುಗರು ಗಂಟಲು ಹರಿದುಕೊಂಡು ಅದಕ್ಕೆ ಏರುತ್ತಾರೆ, ಧ್ವನಿಯ ನಿಜ ಬಣ್ಣ ತಿಳಿಯುವುದಿಲ್ಲ. ಅರ್ಜಿಯಲ್ಲೇ ಸ್ಕೇಲ್ ಕೇಳಿ. ಗೊತ್ತಿಲ್ಲವೆಂದರೆ ಬಾಗಿಲ ಹೊರಗೆ ಒಬ್ಬ ಕೀಬೋರ್ಡಿಸ್ಟ್ ಕೂತು ಹುಡುಕಿ ಚೀಟಿಯಲ್ಲಿ ಬರೆದುಕೊಡಲಿ. ಅಂಕ 100: ಶ್ರುತಿಗೆ 30, ಲಯಕ್ಕೆ 25, ಭಾವಕ್ಕೆ 25, ಉಚ್ಚಾರಕ್ಕೆ 20. ನಮ್ಮ ಕಡೆಯವರ ಬಾಯಲ್ಲಿ ‘ಹ’ಕಾರ ಜಾರುತ್ತದೆ, ‘ಹಾಲು’ ಎನ್ನುವುದು ‘ಆಲು’ ಆಗುತ್ತದೆ. ಸಿನಿಮಾ ಹಾಡಿನಲ್ಲಿ ಅದಕ್ಕೆ ಅಂಕ ಹೋಗಲಿ. ಸೋಬಾನೆ, ರಾಗಿ ಬೀಸುವ ಪದ, ಮಂಟೇಸ್ವಾಮಿ ಪದ ಹಾಡುವವರಿಗೆ ಈ ಕತ್ತರಿ ಹಾಕಬಾರದು. ಆ ಹಾಡಿಗೆ ಆ ಬಾಯಿಯೇ ಸರಿ. ಮಂಟೇಸ್ವಾಮಿ ಪದ ಹಾಡುವ ಮಳವಳ್ಳಿ ಸೀಮೆಯ ನೀಲಗಾರರ ಮಕ್ಕಳು ಅರ್ಜಿ ಹಾಕಿದಾಗ ಅವರನ್ನು ಅಳೆಯಲು ಬೇರೆ ಅಂಕಪಟ್ಟಿಯೇ ಇರಬೇಕು.

ಕಂತುಗಳ ಲೆಕ್ಕ ಹೀಗೆ. 1ರಿಂದ 3 ಆಡಿಷನ್. 4ರಲ್ಲಿ 24 ಜನರಲ್ಲಿ 12 ಆಯ್ಕೆ. 5 ಮತ್ತು 6ರಲ್ಲಿ ತಲಾ ಆರು ಜನ, ಯಾರೂ ಹೊರಗೆ ಹೋಗುವುದಿಲ್ಲ. 7ರಿಂದ 10ರವರೆಗೆ ವಾರಕ್ಕೆ ಇಬ್ಬರು ಹೊರಗೆ. 11ರಲ್ಲಿ ನಾಲ್ವರು ಮೂವರಾಗುತ್ತಾರೆ. 12 ಜನಪದ ವಿಶೇಷ, 13 ಫೈನಲ್. ಗಂಟೆಗೆ ಗರಿಷ್ಠ 12 ನಿಮಿಷ ಜಾಹೀರಾತು ಎಂಬುದು ಕೇಬಲ್ ನಿಯಮ, ಉಳಿಯುವುದು 48 ನಿಮಿಷ. ಹಾಡಿಗೆ ಎರಡೂವರೆ, ಮಾತಿಗೆ ಒಂದೂವರೆ ನಿಮಿಷ ಎಂದರೆ 12 ಜನಕ್ಕೆ ಅಷ್ಟೂ ಮುಗಿದು ನಿರೂಪಕರಿಗೆ ಜಾಗವೇ ಇರುವುದಿಲ್ಲ. 5, 6ನೇ ಕಂತು ಒಡೆದದ್ದು ಅದಕ್ಕೇ. 7ನೇ ಕಂತಿನಲ್ಲಿ ಹಾಡನ್ನು ಎರಡು ನಿಮಿಷಕ್ಕೆ ಇಳಿಸಬೇಕು.

ಧ್ವನಿಗೆ ಒಂದು ಮಾತು. ಹಾಲ್‌ನ ಮಿಕ್ಸನ್ನೇ ಕ್ಯಾಮೆರಾಗೆ ಕೊಟ್ಟರೆ ಟಿವಿಯಲ್ಲಿ ಹಾಡು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಗಾಯಕರ ಮೈಕ್, ಪ್ರತಿ ವಾದ್ಯ, ಜನರ ಚಪ್ಪಾಳೆ ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಆಗಬೇಕು. ಮತದಾನ ನಡೆಯುವ ಕಂತುಗಳಲ್ಲಿ, ತಪ್ಪಿದ ಶ್ರುತಿಯನ್ನು ಕಂಪ್ಯೂಟರಿನಲ್ಲಿ ತಿದ್ದುವ ಆಟೋಟ್ಯೂನ್ ಪೂರ್ತಿ ನಿಷಿದ್ಧ. 2010ರಲ್ಲಿ ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಆಡಿಷನ್ ಕಂತಿನಲ್ಲಿ ಅದನ್ನು ಬಳಸಿದ್ದು ಬಯಲಾಗಿ ದೊಡ್ಡ ಗದ್ದಲವೇ ಆಯಿತು.

ಮತ ಎಣಿಸುವುದರಲ್ಲಿ ಕೆಡುವುದು

ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಊರಿಗೂರೇ ಮತ ಹಾಕುತ್ತದೆ. ಅದು ಪ್ರೀತಿ, ತಪ್ಪಲ್ಲ. ದೊಡ್ಡ ಊರಿನ ಸಾಧಾರಣ ಗಾಯಕ ಸಣ್ಣ ಊರಿನ ಒಳ್ಳೆಯ ಗಾಯಕಿಯನ್ನು ಮುಳುಗಿಸದಂತೆ ಸೂತ್ರ ಕಟ್ಟುವುದು ಆಯೋಜಕರ ಹೊಣೆ. ಮೂವರನ್ನು ಇಟ್ಟುಕೊಂಡು ನೋಡಿ. ‘ಅ’ಗೆ 9,000 ಮತ, ‘ಆ’ಗೆ 2,400, ‘ಇ’ಗೆ 2,100. ತೀರ್ಪುಗಾರರ ಅಂಕ ಕ್ರಮವಾಗಿ 6, 9, 8. ಜನಮತಕ್ಕೂ ತೀರ್ಪುಗಾರರ ಅಂಕಕ್ಕೂ ಅರ್ಧರ್ಧ ತೂಕವೆಂದು ಶೇಕಡಾವಾರು ಕೂಡಿದರೆ ‘ಅ’ 46.4, ‘ಆ’ 28.5, ‘ಇ’ 25.2. ತೀರ್ಪುಗಾರರ ಪ್ರಕಾರ ಕೊನೆಯವರಾದ ‘ಅ’ ಬಹಳ ದೂರದಿಂದ ಗೆಲ್ಲುತ್ತಾರೆ. ಮತದ ಅಂತರ ಹಿಗ್ಗುತ್ತದೆ, ಅಂಕದ ಅಂತರ ಹಿಗ್ಗುವುದಿಲ್ಲ. ಅರ್ಧರ್ಧ ಎನ್ನುವುದು ಬರೀ ಮಾತಿನಲ್ಲಿ ಉಳಿಯುತ್ತದೆ.

ಅದರ ಬದಲು ಸ್ಥಾನಕ್ಕೆ ಅಂಕ ಕೊಡಿ: ಮೊದಲನೆಯದಕ್ಕೆ 3, ಎರಡಕ್ಕೆ 2, ಮೂರಕ್ಕೆ 1. ಆಗ ‘ಅ’ಗೆ 3 ಮತ್ತು 1, ಒಟ್ಟು 4. ‘ಆ’ಗೆ 2 ಮತ್ತು 3, ಒಟ್ಟು 5. ‘ಇ’ಗೆ 1 ಮತ್ತು 2, ಒಟ್ಟು 3. ಜನರ ಮಾತೂ ಉಳಿಯಿತು, ಹಾಡೂ ಗೆದ್ದಿತು. ಸಮವಾದರೆ ಜನಮತ ಹೆಚ್ಚಿದವರು ಮೇಲೆ ಎಂಬುದನ್ನೂ ಮೊದಲೇ ಬರೆದಿಡಬೇಕು. ಜನರಿಗೆ ಪೂರ್ತಿ ಬಿಟ್ಟುಕೊಟ್ಟ ಅಮೆರಿಕನ್ ಐಡಲ್‌ನಲ್ಲಿ 2004ರಲ್ಲಿ ಏಳನೇ ಸ್ಥಾನಕ್ಕೆ ಹೊರಬಿದ್ದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಪಡೆದರು.

ಮಿಸ್ಡ್ ಕಾಲ್ ಮತ ಬೇಡ. ಒಂದು ಮೊಬೈಲ್ ಅಂಗಡಿ ಕೈಯಲ್ಲಿದ್ದರೆ ಸಾಕು, ಸಿಮ್ ಮೇಲೆ ಸಿಮ್ ಹಾಕಿ ಒತ್ತುತ್ತಾರೆ. ಒಂದು ನಂಬರಿಗೆ ವಾರಕ್ಕೆ ಒಂದೇ ಮತ, ಒಟಿಪಿ ಬಂದ ಮೇಲೆ ಮಾತ್ರ ಲೆಕ್ಕ. ಒಟಿಪಿ ಕಳಿಸಲು ಡಿಎಲ್‌ಟಿ ನೋಂದಣಿ (ಸಂಸ್ಥೆಗಳು ಎಸ್‌ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸುವ ನೋಂದಣಿ) ಬೇಕು. ಅದಕ್ಕೆ ಹಿಡಿಯುವ ಸಮಯ ಮರೆತು ಮೊದಲ ವಾರದ ಮತದಾನವನ್ನೇ ಕಳೆದುಕೊಳ್ಳುವ ಅಪಾಯವಿದೆ, ಅರ್ಜಿಯನ್ನು ಆಡಿಷನ್ ವೇಳೆಗೇ ಹಾಕಿಬಿಡಿ. ಮತ ಎಣಿಕೆಯನ್ನು ಹೊರಗಿನ ಲೆಕ್ಕಪರಿಶೋಧಕರೊಬ್ಬರು ಪ್ರತಿ ವಾರ ಸಹಿ ಮಾಡಿ ಮುಚ್ಚಿದ ಲಕೋಟೆಯಲ್ಲಿ ಕೊಡಲಿ.

ಫಲಿತಾಂಶ ಸೋರುವುದು ಇನ್ನೊಂದು ರೋಗ. ನಾಲ್ಕು ಕಂತು ಒಟ್ಟಿಗೆ ಚಿತ್ರೀಕರಿಸಿದರೆ ಖರ್ಚು ಇಳಿಯುತ್ತದೆ, ಆದರೆ ಅಂದು ರಾತ್ರಿಯೇ ಸೋತವರ ಹೆಸರು ವಾಟ್ಸ್ಆ್ಯಪ್‌ನಲ್ಲಿ ಊರು ಸುತ್ತುತ್ತದೆ. ನಡೆಯದ ಮತದಾನಕ್ಕೆ ಮತ ಕೇಳಿದಂತೆಯೂ ಆಗುತ್ತದೆ. 6ನೇ ಕಂತಿನವರೆಗೆ ದಿನಕ್ಕೆ ಎರಡು ಮಾಡಿ. 7ರಿಂದ ವಾರಕ್ಕೊಂದೇ: ಭಾನುವಾರ ಪ್ರಸಾರ, ಮಂಗಳವಾರ ರಾತ್ರಿ 8ಕ್ಕೆ ಮತ ಬಂದ್, ಗುರುವಾರ ಚಿತ್ರೀಕರಣದ ಆರಂಭದಲ್ಲೇ ಫಲಿತಾಂಶ, ಶುಕ್ರ-ಶನಿ ಎಡಿಟಿಂಗ್.

ಬಾಂಡ್

ಗಾಯಕರನ್ನು ಮೊದಲೇ ಕರಾರಿನಿಂದ ಕಟ್ಟಿಕೊಳ್ಳುವ ಬಾಂಡ್, ಫುಲ್ಲರ್ ವ್ಯವಸ್ಥೆಯ ಹೃದಯ ಇದು, ಅದರ ಕಪ್ಪು ಕಲೆಯೂ ಇದೇ. ಐಡಲ್ ವೇದಿಕೆ ಏರುವವರು ಮ್ಯಾನೇಜ್‌ಮೆಂಟ್, ಧ್ವನಿಮುದ್ರಣ, ಹೆಸರು ಬಳಸಿದ ಸರಕು ಎಲ್ಲದಕ್ಕೂ 19 ಕಂಪನಿಗೆ ಮೊದಲೇ ಸಹಿ ಹಾಕಿರುತ್ತಿದ್ದರು. 2012ರಲ್ಲಿ ಗೆದ್ದ ಫಿಲಿಪ್ ಫಿಲಿಪ್ಸ್ 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರ ಮುಂದೆ ದೂರು ಕೊಟ್ಟು, ಈ ಕರಾರುಗಳಿಂದ ಬಿಡಿಸಿ ಎಂದು ಕೇಳಿದರು. ಸ್ಪರ್ಧೆ ನಡೆಸುವವರೂ ಗಾಯಕರ ಹಿತ ಕಾಯಬೇಕಾದ ಮ್ಯಾನೇಜರೂ ಒಬ್ಬರೇ ಆದಾಗ ಹುಟ್ಟುವ ಜಗಳ ಇದು. ಮಂಡ್ಯದಲ್ಲೂ ಇದೇ ಹುಟ್ಟುತ್ತದೆ.

ಇಲ್ಲಿ ಕಾನೂನು ಗಾಯಕರ ಕಡೆಗಿದೆ, ಅದು ಒಳ್ಳೆಯದೇ. ಭಾರತೀಯ ಕರಾರು ಕಾಯ್ದೆ 1872ರ 27ನೇ ಕಲಂ, ದುಡಿಮೆಗೆ ತಡೆ ಹಾಕುವ ಕರಾರನ್ನು ಅನೂರ್ಜಿತ ಎನ್ನುತ್ತದೆ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ’ಮಾರ್ಕ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಅವಧಿ ಮುಗಿದ ಮೇಲೂ ‘ಬೇರೆಯವರ ಜೊತೆ ಹೋಗುವ ಮೊದಲು ನಮಗೇ ಅವಕಾಶ ಕೊಡಬೇಕು’ ಎಂಬ ಷರತ್ತು ನಿಲ್ಲುವುದಿಲ್ಲ. ‘ಕರಾರು ಮುಗಿದ ಮೇಲೂ ಐದು ವರ್ಷ ಬೇರೆ ತಂಡದಲ್ಲಿ ಹಾಡುವಂತಿಲ್ಲ’ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡು ಹೆದರಿಸುವ ಪದ್ಧತಿಯನ್ನು ಮ್ಯಾನೇಜರ್‌ಗಳು ಕೈಬಿಡಬೇಕು. ಅದು ಅನ್ಯಾಯ, ಕೋರ್ಟಿನಲ್ಲಿ ನಿಲ್ಲುವಂಥದ್ದೂ ಅಲ್ಲ.

ಹದಿನೆಂಟು ತುಂಬದವರ ಜೊತೆ ಮ್ಯಾನೇಜ್‌ಮೆಂಟ್ ಬಾಂಡ್ ಮಾಡಲೇಬಾರದು. ಅಪ್ರಾಪ್ತರ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರ ಮೊಹೋರಿ ಬೀಬಿ ಪ್ರಕರಣದಿಂದಲೂ ಇತ್ಯರ್ಥವಾಗಿದೆ. 14ರ ಒಳಗಿನ ಮಕ್ಕಳನ್ನು ವೇದಿಕೆಗೆ ತಂದರೆ ಬಾಲಕಾರ್ಮಿಕ ನಿಯಮಗಳೂ ಬರುತ್ತವೆ: ಜಿಲ್ಲಾಧಿಕಾರಿಗಳ ಅನುಮತಿ, ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ಮೂರು ಗಂಟೆಗೊಮ್ಮೆ ವಿರಾಮ, ಐದು ಮಕ್ಕಳಿಗೆ ಒಬ್ಬರು ಜವಾಬ್ದಾರರು, ಗಳಿಕೆಯ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಬ್ಯಾಂಕ್ ಠೇವಣಿ. ಮೊದಲ ಆವೃತ್ತಿಯನ್ನು 18 ದಾಟಿದವರಿಗಷ್ಟೇ ಇಡಿ ಎಂಬುದು ನಮ್ಮ ಗಟ್ಟಿ ಸಲಹೆ.

ಕರಾರು ಮುಂದಿಟ್ಟಾಗ ಹುಡುಗಿಯ ತಂದೆ ಕೇಳುವ ಪ್ರಶ್ನೆ ಹೀಗಿರುತ್ತದೆ: “ಅಲ್ಲಾ ಸಾ, ಮಗ್ಳು ಗೆದ್ರೆ ನಿಮ್ ಜೊತೆ ಬತ್ತಳೆ, ಸರಿ. ಸೋತ್ರೂ ಬಾಂಡಾ?” ಅದಕ್ಕೆ ಮ್ಯಾನೇಜರ್ ಕೊಡಬೇಕಾದ ಉತ್ತರ: “ಇಲ್ಲಾಣ್ಣ. ಫೈನಲ್‌ಗ್ ಬಂದ ಮೂವರಿಗೆ ಮಾತ್ರ. ಅದೂ ಒಂದೇ ವರ್ಷ. ಕಾಗ್ದ ಮನೆಗ್ ತಕೊಂಡೋಗಿ, ವಕೀಲ್ರತ್ರ ಓದುಸ್ಕೊಂಡು ಆಮೇಲ್ ಬನ್ನಿ.” ಸಹಿಗೆ ಕನಿಷ್ಠ ಏಳು ದಿನ ಕೊಡಿ. ಕನ್ನಡದಲ್ಲೇ ಕರಾರು ಬರೆಸಿ. ಆಡಿಷನ್ ದಿನ ಸಾಲಿನಲ್ಲಿ ನಿಲ್ಲಿಸಿ ಸಹಿ ಹಾಕಿಸುವುದು ಬೇಡ, ಆ ದಿನ ಬೇಕಿರುವುದು ಚಿತ್ರೀಕರಣದ ಒಪ್ಪಿಗೆ ಮಾತ್ರ.

ಅವಧಿ 12 ತಿಂಗಳು. ಹೊರಗಿನ ಕಾರ್ಯಕ್ರಮಗಳಿಗೆ ಕಮಿಷನ್ ಶೇ. 20. ಮ್ಯಾನೇಜರ್ ಸ್ವಂತ ತಂಡದ ಕಾರ್ಯಕ್ರಮಕ್ಕೆ ಕಮಿಷನ್ ಇಲ್ಲ. ಈ ಕೊನೆಯ ಸಾಲನ್ನು ಹಲವರು ಮರೆಯುತ್ತಾರೆ. ತಾನೇ ಗಾಯಕಿಗೆ ಸಂಭಾವನೆ ನಿಗದಿ ಮಾಡಿ, ತಾನೇ ಅದರಲ್ಲಿ ಕಮಿಷನ್ ಹಿಡಿದರೆ ಎರಡೂ ಕೈಯಿಂದ ತೆಗೆದುಕೊಂಡಂತೆ. ತಿಂಗಳ 10ರೊಳಗೆ ಲೆಕ್ಕದ ಹಾಳೆ, ಯಾರು ಎಷ್ಟು ಕೊಟ್ಟರು ಎಂಬುದು ಗಾಯಕರ ಮೊಬೈಲಿಗೆ ಹೋಗಬೇಕು. ಎರಡು ತಿಂಗಳು ಲೆಕ್ಕ ಬರದಿದ್ದರೆ ಗಾಯಕರು ಬಿಟ್ಟುಹೋಗಬಹುದು ಎಂಬ ಸಾಲೂ ಕರಾರಿನಲ್ಲಿರಲಿ.

ಹಾಡುಗಳ ಹಕ್ಕು

ಸಿನಿಮಾ ಹಾಡನ್ನು ವೇದಿಕೆಯಲ್ಲಿ ಹಾಡಲು ಸಾಹಿತ್ಯ-ಸಂಗೀತದ ಪ್ರದರ್ಶನ ಹಕ್ಕಿಗೆ ಐಪಿಆರ್‌ಎಸ್ (ಗೀತರಚನೆಕಾರರು ಮತ್ತು ಸಂಗೀತ ಸಂಯೋಜಕರ ಪರವಾಗಿ ಹಕ್ಕಿನ ಹಣ ಪಡೆಯುವ ಸಂಸ್ಥೆ) ಪರವಾನಗಿ ಬೇಕು. ಟಿವಿ ಮತ್ತು ಯೂಟ್ಯೂಬ್‌ಗೆ ಹಾಡಿನ ಹಕ್ಕು ಹೊಂದಿದ ಆಡಿಯೋ ಕಂಪನಿಯ ಜೊತೆ ಬೇರೆ ಮಾತು. ಇದನ್ನು ವಾಹಿನಿ ಮಾಡುತ್ತದೆಯೇ, ಮ್ಯಾನೇಜರ್ ಮಾಡಬೇಕೆ ಎಂಬುದು ಕರಾರಿನಲ್ಲಿ ಬರೆದಿರಬೇಕು. ಬರೆಯದಿದ್ದರೆ ಯೂಟ್ಯೂಬ್‌ಗೆ ಹಾಕಿದ ಕಂತಿನ ಆದಾಯ ಆಡಿಯೋ ಕಂಪನಿಗೆ ಹೋಗುತ್ತದೆ, ಇಲ್ಲವೇ ಕಂತೇ ಹೋಗುತ್ತದೆ.

ಹಕ್ಕಿನ ಹೊರೆ ಇಳಿಸಲು ಜನಪದ, ವಚನ, ದಾಸರ ಪದ, ತತ್ತ್ವಪದಗಳಿಗೆ ಒಂದು ಸುತ್ತು ಪೂರ್ತಿ ಇಡಿ. ಎಚ್ಚರ ತಪ್ಪುವುದು ರಾಗ ಸಂಯೋಜನೆಯಲ್ಲಿ. ಕೃತಿಸ್ವಾಮ್ಯ ಇರುವುದು ಕರ್ತೃ ತೀರಿದ 60 ವರ್ಷದವರೆಗೆ. ಶಿಶುನಾಳ ಷರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳು ಎಲ್ಲರ ಸೊತ್ತು. ಅದೇ ಪದಕ್ಕೆ ಸಿ. ಅಶ್ವಥ್ ಹಾಕಿದ ರಾಗ ಹಾಗಲ್ಲ, ಅವರು ತೀರಿಕೊಂಡದ್ದು 2009ರಲ್ಲಿ. ಕುವೆಂಪು ಅವರ ಕವಿತೆಗಳ ಹಕ್ಕು 2054ರ ಕೊನೆವರೆಗೆ ಇದೆ. ಷರೀಫರ ಪದ ಬೇಕೆಂದರೆ ತಂಡದವರೇ ಹೊಸ ರಾಗ ಹಾಕಲಿ.

ಹಣ

ಚಿತ್ರೀಕರಣದ ದಿನಗಳು: ಆಡಿಷನ್ 2, ಆಯ್ಕೆ 1, 5-6ನೇ ಕಂತಿಗೆ 1, ಉಳಿದ ಏಳಕ್ಕೆ 7. ಒಟ್ಟು 11. ದಿನಕ್ಕೆ ₹70,000 ಎಂದು ಹಿಡಿದರೆ ₹7,70,000. ಎಡಿಟಿಂಗ್ ಕಂತಿಗೆ ₹8,000ದಂತೆ ₹1,04,000. ಮತದಾನ ವ್ಯವಸ್ಥೆ ₹60,000. ಪರವಾನಗಿ ಮತ್ತು ಪ್ರಚಾರ ₹1,50,000. ಬಹುಮಾನ ₹1,00,000. ಒಟ್ಟು ₹11,84,000. ಚಿನ್ನದ ಅಂಗಡಿಯೊಂದು ಮುಖ್ಯ ಪ್ರಾಯೋಜಕರಾಗಿ ₹4,00,000, ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್, ಟ್ರ್ಯಾಕ್ಟರ್ ಶೋರೂಂ ಹೀಗೆ ಐವರು ತಲಾ ₹1,00,000 ಕೊಟ್ಟರೂ ₹9,00,000. ಫೈನಲ್ ರಾತ್ರಿ ₹2,84,000 ಕೊರತೆ. ಪ್ರಾಯೋಜಕರ ಹಣದಲ್ಲಿ ಅರ್ಧ ವಾಹಿನಿಗೆ ಬಿಟ್ಟುಕೊಡುವ ಒಂದನೇ ಕರಾರಿನಲ್ಲಿ ಈ ಕೊರತೆ ₹7,34,000ಕ್ಕೆ ಏರುತ್ತದೆ.

ಮುಂದಿನ 12 ತಿಂಗಳಲ್ಲಿ ಮೂವರು ಫೈನಲಿಸ್ಟ್‌ಗಳು ಸೇರಿ 60 ಹೊರಗಿನ ಕಾರ್ಯಕ್ರಮ, ಸರಾಸರಿ ₹10,000 ಎಂದರೆ ಕಮಿಷನ್ ₹1,20,000. ಅವರ ಹೆಸರಿನಿಂದಾಗಿ ತಂಡದ ದರ ಕಾರ್ಯಕ್ರಮಕ್ಕೆ ₹20,000 ಏರಿ, 25 ಕಾರ್ಯಕ್ರಮವಾದರೆ ₹5,00,000. ಕೊರತೆ ಕಳೆದು ₹3,36,000 ಉಳಿಯುತ್ತದೆ. ಗಳಿಕೆ ಇರುವುದು ಫೈನಲ್ ಆದ ಮೇಲೆ, ಫುಲ್ಲರ್ ಲೆಕ್ಕದ ಒಳಗುಟ್ಟು ಇದೇ. ಪ್ರವೇಶ ಶುಲ್ಕ ವಸೂಲಿ ಮಾಡಿ ಕೊರತೆ ತುಂಬಲು ಹೋಗಬೇಡಿ. 600 ಬಡ ಗಾಯಕರ ಜೇಬಿನಿಂದ ಶೋ ನಡೆಸಿದ ಮ್ಯಾನೇಜರ್ ಹೆಸರು ಜಿಲ್ಲೆಯಲ್ಲಿ ಉಳಿಯುವುದಿಲ್ಲ.

ಬಹುಮಾನದ ವಿಷಯದಲ್ಲಿ ವೇದಿಕೆಯ ಮೇಲೆ ದೊಡ್ಡ ಚೆಕ್ ತೋರಿಸಿ ಮರುದಿನ ಜಗಳವಾಗುವುದು ತೆರಿಗೆಯಿಂದ. ಟಿವಿ ಸ್ಪರ್ಧೆಯ ಬಹುಮಾನದಲ್ಲಿ ಶೇ. 30 ಮೊದಲೇ ಹಿಡಿದು ಕಟ್ಟಬೇಕು, ₹1,00,000ಕ್ಕೆ ಕೈಗೆ ಸಿಗುವುದು ₹70,000. ಬೈಕ್ ಕೊಟ್ಟರೆ ಅದರ ಬೆಲೆಯ ಮೇಲೆ ತೆರಿಗೆ ಕಟ್ಟಿದ ನಂತರವೇ ಕೀ ಕೊಡಬೇಕು. ಅರ್ಜಿಯಲ್ಲೇ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಯಾವ ಕಾಗದಕ್ಕೆ ಸಹಿ

ಒಂದನೇ ಕರಾರಿಗೆ ಬೇಡ. ಎರಡನೆಯದಕ್ಕೂ ಈಗಿರುವ ರೂಪದಲ್ಲಿ ಬೇಡ, ಸ್ಲಾಟ್ ಬಾಡಿಗೆ ಸೇರಿದರೆ ಮೇಲಿನ ಲೆಕ್ಕ ಮುರಿಯುತ್ತದೆ. ಮ್ಯಾನೇಜರ್ ಮೂರನೆಯದೊಂದನ್ನು ತಾವೇ ಬರೆದು ಒಯ್ಯಬೇಕು. ಅದರ ತಿರುಳು: ಮಾದರಿ, ಹೆಸರು, ಲಾಂಛನ ಮ್ಯಾನೇಜರದು, ವಾಹಿನಿಗೆ ಒಂದು ಆವೃತ್ತಿಯ ಪರವಾನಗಿ. ಪ್ರತಿ ಕಂತನ್ನು ವಾಹಿನಿ ಮೂರು ಸಲ ಪ್ರಸಾರ ಮಾಡಬಹುದು. ಕಚ್ಚಾ ಫುಟೇಜ್ ಮತ್ತು ಡಿಜಿಟಲ್ ಹಕ್ಕು ಮ್ಯಾನೇಜರ್ ಬಳಿ. ಸ್ಲಾಟ್ ಬಾಡಿಗೆ ಇಲ್ಲ, ಬದಲಿಗೆ 12 ನಿಮಿಷದ ಜಾಹೀರಾತಿನಲ್ಲಿ 6 ನಿಮಿಷ ವಾಹಿನಿ ತಾನೇ ಮಾರಿಕೊಳ್ಳಲಿ. ಮ್ಯಾನೇಜರ್ ತಂದ ಪ್ರಾಯೋಜಕರ ಹಣ ಪೂರ್ತಿ ಮ್ಯಾನೇಜರಿಗೆ. ಎರಡನೇ ಆವೃತ್ತಿಗೆ ವಾಹಿನಿಯನ್ನು ಮೊದಲು ಕೇಳುವ ಮರ್ಯಾದೆ ಇರಲಿ, 30 ದಿನದಲ್ಲಿ ಉತ್ತರ ಬರದಿದ್ದರೆ ಮ್ಯಾನೇಜರ್ ಸ್ವತಂತ್ರರು. ಗಾಯಕರ ಮ್ಯಾನೇಜ್‌ಮೆಂಟ್‌ನಲ್ಲಿ ವಾಹಿನಿಗೆ ಪಾಲಿಲ್ಲ.

ವಾಹಿನಿ ಡಿಜಿಟಲ್ ಹಕ್ಕಿಗೆ ಪಟ್ಟು ಹಿಡಿಯುತ್ತದೆ. ಅಲ್ಲಿ ಅರ್ಧ ಬಿಟ್ಟುಕೊಡಬಹುದು: ಪೂರ್ತಿ ಕಂತು ಅವರ ಚಾನೆಲ್‌ನಲ್ಲಿ, ಒಬ್ಬೊಬ್ಬರ ಹಾಡಿನ ತುಣುಕು ಮ್ಯಾನೇಜರ್ ಚಾನೆಲ್‌ನಲ್ಲಿ. ಗಣೇಶೋತ್ಸವ ಸಮಿತಿಯವರು ತಂಡ ಗೊತ್ತು ಮಾಡುವ ಮೊದಲು ಮೊಬೈಲ್‌ನಲ್ಲಿ ನೋಡುವುದು ಆ ಮೂರು ನಿಮಿಷದ ತುಣುಕನ್ನು. ಮಾದರಿಯ ಹಕ್ಕನ್ನು ಬಿಡಲೇಬೇಕು ಎಂದು ಅವರು ಹಠ ಹಿಡಿದರೆ ಎದ್ದು ಬರುವುದು ಲೇಸು. ಪುಸ್ತಿಕೆ ಕೈಯಲ್ಲಿರುತ್ತದೆ, ಅದೇ 13 ಕಂತನ್ನು ಕಡಿಮೆ ಖರ್ಚಿನಲ್ಲಿ ಯೂಟ್ಯೂಬ್‌ಗೆ ಮಾಡಬಹುದು. ಆಗ ಫೈನಲ್ ಒಂದನ್ನು ಮಾತ್ರ ಮಂಡ್ಯದ ಕಲಾಮಂದಿರದಂಥ ಹಾಲ್‌ನಲ್ಲಿ ಜನರ ಮುಂದೆ ನಡೆಸಿ, ಉಳಿದವನ್ನು ತಂಡದ ರಿಹರ್ಸಲ್ ಕೊಠಡಿಯಲ್ಲೇ ಎರಡು ಕ್ಯಾಮೆರಾದಲ್ಲಿ ಮುಗಿಸಬಹುದು.

ಫೈನಲ್‌ಗೆ ಮೂರು ವಾರ ಮೊದಲು ಒಂದು ಸ್ವಂತ ಹಾಡು ಸಿದ್ಧವಾಗಿರಬೇಕು. ಸ್ಥಳೀಯ ಕವಿಯಿಂದ ಬರೆಸಿ, ಹಣ ಕೊಟ್ಟು, ಹಕ್ಕುಪತ್ರ ಪಡೆದು, ಮೂವರ ಧ್ವನಿಯಲ್ಲೂ ಅವರವರ ಸ್ಕೇಲಿನಲ್ಲಿ ರೆಕಾರ್ಡ್ ಮಾಡಿಡಿ. ಫೈನಲ್ ಮುಗಿದ ರಾತ್ರಿಯೇ ಗೆದ್ದವರದ್ದು ಹೊರಗೆ ಬರಲಿ, ವಾರದೊಳಗೆ ಉಳಿದಿಬ್ಬರದ್ದೂ. ಮರುದಿನ ಬೆಳಿಗ್ಗೆಯಿಂದ ಬುಕಿಂಗ್ ಫೋನ್ ಎತ್ತಲು ಒಬ್ಬರನ್ನು ಸಂಬಳಕ್ಕಿಟ್ಟು, ಮೂವರ ದಿನಾಂಕಗಳ ಡೈರಿಯನ್ನು ಅವರ ಕೈಗೆ ಕೊಡಬೇಕು.